ಹೇಳದೇ ಉಳಿದ ಒಂಬತ್ತು ದಿನ

ಗೇಮ್ ಅಕೌಂಟ್ ಹ್ಯಾಕ್ ಆಗಿದೆ ಎಂದು ಹೇಳಿಕೊಂಡು ಯಾರೂ ಆಪ್ತಸಲಹೆಗೆ ಬರುವುದಿಲ್ಲ. ಮಕ್ಕಳನ್ನು ಕರೆತರುವವರ ದೂರೇ ಬೇರೆ. ನಿದ್ದೆ ಮಾಡುತ್ತಿಲ್ಲ, ಊಟ ಸೇರುತ್ತಿಲ್ಲ, ಮಾತಾಡಿಸಿದರೆ ಸಿಡುಕುತ್ತಾನೆ. ಕೆದಕುತ್ತಾ ಹೋದರೆ ಬುಡದಲ್ಲಿ ಕಳೆದುಹೋದ ಅಕೌಂಟ್ ಒಂದು ಸಿಗುತ್ತದೆ. ಇಂಥವು ನನ್ನ ಬಳಿಗೆ ಪದೇ ಪದೇ ಬರುತ್ತಿವೆ. ಅವುಗಳಲ್ಲಿ ಒಂದನ್ನು, ಹುಡುಗ ಮತ್ತು ಅವನ ಹೆತ್ತವರ ಒಪ್ಪಿಗೆ ಪಡೆದು, ಗುರುತು ಸಿಗುವಂಥ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ.

ಹುಡುಗನಿಗೆ 16 ವರ್ಷ. ನಾಲ್ಕು ವರ್ಷದಿಂದ ಒಂದೇ ಆಟ, ಹೆಚ್ಚುಕಡಿಮೆ ಒಂದೇ ತಂಡ. ಕರೆತಂದಿದ್ದು ತಾಯಿ. ಮೊದಲ ಭೇಟಿಯ ಕೊನೆಯ ಐದು ನಿಮಿಷದಲ್ಲಿ, ಬಾಗಿಲ ಕಡೆ ನೋಡುತ್ತಾ, “ಅಕೌಂಟ್ ಹೋಯ್ತು ಮೇಡಂ, ಮನೇಲಿ ಹೇಳ್ಬೇಡಿ” ಎಂದ. ಅದನ್ನು ನಾನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ನಾಲ್ಕು ವರ್ಷ ಕೂಡಿಸಿಟ್ಟದ್ದು ಒಂದು ರಾತ್ರಿಯಲ್ಲಿ ಹೋದರೆ ಆಗುವ ನೋವು ನೋವೇ. ಆ ದುಃಖಕ್ಕೆ ಜಾಗ ಕೊಟ್ಟೆ, ಮುಂದಿನ ವಾರಕ್ಕೆ ಸಮಯ ಕೊಟ್ಟು ಕಳಿಸಿದೆ. ಕೇಳಲೇಬೇಕಿದ್ದ ಒಂದು ಪ್ರಶ್ನೆಯನ್ನು ಮಾತ್ರ ಕೇಳಲಿಲ್ಲ. ಆ ಅಕೌಂಟ್‌ನಲ್ಲಿ ಈಗ ಯಾರಿದ್ದಾರೆ? ಈ ತಪ್ಪು ಇವತ್ತಿಗೂ ನನ್ನನ್ನು ಕಾಡುತ್ತದೆ.

ಎರಡನೆಯ ಭೇಟಿಗೆ ಬಂದಾಗ ಅಕೌಂಟ್ ಹೋಗಿ ಒಂಬತ್ತು ದಿನವಾಗಿತ್ತು. ಹೇಗಾಯಿತೆಂದು ಅವನೇ ಹೇಳಲು ಶುರುಮಾಡಿದ. ತಂಡದ ಗೆಳೆಯನಿಂದ ಮೆಸೇಜ್ ಬಂದಿತ್ತು, ನಮ್ಮ ಟೀಮ್‌ಗೊಂದು ವೋಟ್ ಹಾಕು ಅಂತ. ಲಿಂಕ್ ಒತ್ತಿದ ಕೂಡಲೇ ಲಾಗಿನ್ ಕಿಟಕಿ ತೆರೆಯಿತು. ಮೇಲೆ ಅಸಲಿ ವಿಳಾಸ, ಪಕ್ಕದಲ್ಲಿ ಬೀಗದ ಗುರುತು. ಪಾಸ್‌ವರ್ಡ್ ಹಾಕಿದ. ಫೋನಿನ ಆ್ಯಪ್ ತೋರಿಸಿದ 6 ಅಂಕಿಯ ಕೋಡನ್ನೂ ಹಾಕಿದ. ವೋಟ್ ಪುಟ ತೆರೆಯಲೇ ಇಲ್ಲ.

“ನಾನು ಟು ಫ್ಯಾಕ್ಟರ್ ಆನ್ ಮಾಡಿದ್ದೆ ಮೇಡಂ. ಎಲ್ಲಾ ಸರಿಯಾಗೇ ಮಾಡಿದ್ದೆ,” ಎಂದ. ಪಾಸ್‌ವರ್ಡ್ ಜೊತೆಗೆ ಕೋಡನ್ನೂ ಕೇಳುವ ವ್ಯವಸ್ಥೆ ಅದು. ಆಮೇಲೆ ನನ್ನ ಲ್ಯಾಪ್‌ಟಾಪ್ ತಿರುಗಿಸಿಕೊಂಡು ಒಂದು ನಿಜವಾದ ಲಾಗಿನ್ ಕಿಟಕಿ ತೆರೆದ. ಅದರ ಮೇಲಂಚು ಹಿಡಿದು ಬ್ರೌಸರ್‌ನಿಂದ ಆಚೆ ಎಳೆದ. ಅದು ಸಲೀಸಾಗಿ ಆಚೆ ಬಂತು. “ಅವತ್ತಿಂದು ಹೀಗೆ ಬರ್ತಿರಲಿಲ್ಲ, ಅಂಚಿಗೆ ಬಂದು ನಿಂತುಬಿಡ್ತಿತ್ತು. ಅದು ಕಿಟಕಿನೇ ಅಲ್ಲ, ಪುಟದೊಳಗೆ ಬರೆದ ಚಿತ್ರ. ಆಮೇಲೆ ಓದಿ ತಿಳ್ಕೊಂಡೆ.” ಆ್ಯಪ್‌ನ ಕೋಡ್ ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಬದಲಾಗುತ್ತದೆ. ಆದರೆ ನಕಲಿ ಪುಟದ ಹಿಂದೆ ಕೂತ ಕಳ್ಳನಿಗೆ ಅಷ್ಟು ಹೊತ್ತೂ ಬೇಡ. ನಾವು ಇಲ್ಲಿ ಹಾಕಿದ್ದು ಅದೇ ಕ್ಷಣ ಅಲ್ಲಿ ಅಸಲಿ ತಾಣಕ್ಕೆ ಹೋಗಿರುತ್ತದೆ.

“ನನ್ನಷ್ಟು ದಡ್ಡ ಯಾರೂ ಇಲ್ಲ,” ಎಂದ. ನಾನು ಸಮಾಧಾನದ ಮಾತು ಹೇಳಲಿಲ್ಲ. ಸ್ಟೀಮ್ ಎಂಬ ಗೇಮ್ ತಾಣ ನಡೆಸುವ ವಾಲ್ವ್ ಕಂಪನಿ 2015ರ ಡಿಸೆಂಬರ್‌ನಲ್ಲಿ ತಾನೇ ಹೇಳಿಕೊಂಡದ್ದನ್ನು ತಿಳಿಸಿದೆ. ಆಗ ತಿಂಗಳಿಗೆ ಸುಮಾರು 77,000 ಅಕೌಂಟ್‌ಗಳು ಕಳ್ಳರ ಪಾಲಾಗುತ್ತಿದ್ದವು. ಹಾಗೆ ಕಳೆದುಕೊಂಡವರು ಏನೂ ತಿಳಿಯದ ಹೊಸಬರಲ್ಲ, ಅವರಲ್ಲಿ ವೃತ್ತಿಪರ ಆಟಗಾರರೂ ಇದ್ದಾರೆ ಎಂದೂ ಕಂಪನಿ ಹೇಳಿತ್ತು. ಹುಡುಗ ತಲೆಯೆತ್ತಿದ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ:

“ಅವತ್ತು ನಂಗೆ ಮೆಸೇಜ್ ಕಳಿಸಿದ್ದು ನನ್ನ ಫ್ರೆಂಡ್ ಅಲ್ಲ ಮೇಡಂ. ಅವನ ಅಕೌಂಟ್ ಅದಕ್ಕೂ ಮೊದಲೇ ಹೋಗಿತ್ತಂತೆ. ಅವನು ಯಾರಿಗೂ ಹೇಳಿರಲಿಲ್ಲ.”

“ನೀನು ಎಷ್ಟು ಜನಕ್ಕೆ ಹೇಳಿದ್ದೀಯ?”

ಉತ್ತರ ಬರಲಿಲ್ಲ. ಅವನ ಬೆರಳು ಮಣಿಕಟ್ಟಿನ ವಾಚ್ ಪಟ್ಟಿಯನ್ನು ಬಿಚ್ಚಿತು, ಮತ್ತೆ ಹಾಕಿತು. ಒಂಬತ್ತು ದಿನದಿಂದ ಅವನ ಹೆಸರಿನಲ್ಲಿ, ಅವನ ಫೋಟೋದ ಅಡಿಯಲ್ಲಿ, ಅದೇ ವೋಟಿನ ಲಿಂಕ್ ಅವನ ಇಡೀ ಫ್ರೆಂಡ್ಸ್ ಲಿಸ್ಟ್‌ಗೆ ಹೋಗುತ್ತಿತ್ತು. ಇಬ್ಬರು ಆಗಲೇ ಅಕೌಂಟ್ ಕಳೆದುಕೊಂಡಿದ್ದರು. ಅದು ಅವನಿಗೆ ಗೊತ್ತಿತ್ತು. ನಿದ್ದೆ ಕೆಡಿಸಿದ್ದು ಕಳೆದುಹೋದ ಅಕೌಂಟ್ ಅಲ್ಲ, ಇದು.

ಉಳಿದ ಮೂವತ್ತು ನಿಮಿಷ ನಾವು ಮಾತಾಡಲಿಲ್ಲ, ಕೆಲಸ ಮಾಡಿದೆವು. ಮೊದಲು ಒಂದು ಮೆಸೇಜ್ ಬರೆದ: “ನನ್ನ ಅಕೌಂಟ್ ಕಳುವಾಗಿದೆ. ಅದರಿಂದ ಬರೋ ಯಾವ ಲಿಂಕನ್ನೂ ಒತ್ತಬೇಡಿ. ಒತ್ತಿದ್ರೆ ಈಗಲೇ ಪಾಸ್‌ವರ್ಡ್ ಬದಲಿಸಿ. ಸಾರಿ.” ಮೊದಲ ಕರಡಿನಲ್ಲಿ “ಸಾರಿ” ಎಂಬ ಪದ ಮೂರು ಕಡೆ ಇತ್ತು. ಒಂದು ಸಾಕು ಎಂದೆ. ಕಳಿಸುವ ಬಟನ್ ಮೇಲೆ ಬೆರಳಿಟ್ಟುಕೊಂಡು ತುಂಬ ಹೊತ್ತು ಕೂತಿದ್ದ. ಕಳಿಸಿದ ಮೇಲೆ ಬಂದ ಮೊದಲ ಉತ್ತರ ತಂಡದ ಇನ್ನೊಬ್ಬನದು: “ನಂದೂ ಹೋಗಿದೆ ಕಣೋ. ಮನೇಲಿ ಹೇಳಿಲ್ಲ.”

ಇದು ಆಪ್ತಸಲಹೆಯ ಕೆಲಸವೇ ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ಹೌದು ಎಂದೇ ನಾನು ನಂಬಿದ್ದೇನೆ. ಮನೆಗೆ ಬೆಂಕಿ ಬಿದ್ದವನನ್ನು ಕೂರಿಸಿಕೊಂಡು ಬೆಂಕಿಯ ಬಗ್ಗೆ ನಿನಗೇನನಿಸುತ್ತದೆ ಎಂದು ಕೇಳಲಾಗದು. ನಾಚಿಕೆಯಿಂದ ಬಾಯಿ ಮುಚ್ಚಿಕೊಂಡ ಪ್ರತಿ ಗಂಟೆಯೂ ಕಳ್ಳನ ಪಾಲಿಗೆ ಲಾಭ. ಆ ನಾಚಿಕೆಯನ್ನು ಬಿಡಿಸುವುದು ನನ್ನ ವೃತ್ತಿಯದೇ ಕೆಲಸ.

ಅವನಿಗೆ ಕೊಟ್ಟ ಸಲಹೆಯಲ್ಲಿ ಕ್ರಮ ಮುಖ್ಯ, ಅದಕ್ಕೇ ಇಲ್ಲಿ ಬರೆಯುತ್ತೇನೆ. ಮೊದಲು ಇಮೇಲ್. ಅದು ಕಳ್ಳನ ಕೈಯಲ್ಲಿದ್ದರೆ ಗೇಮ್‌ನ ಪಾಸ್‌ವರ್ಡ್ ಎಷ್ಟು ಸಲ ಬದಲಿಸಿದರೂ ಅವನು ಮತ್ತೆ ರೀಸೆಟ್ ಮಾಡಿಕೊಳ್ಳುತ್ತಾನೆ. ಇಮೇಲ್‌ಗೆ ಬೇರೆಲ್ಲೂ ಬಳಸದ ಪಾಸ್‌ವರ್ಡ್ ಇರಲಿ. ರಿಕವರಿ ಫೋನ್ ನಂಬರ್ ನಿಮ್ಮದೇ ಇದೆಯೇ, ಮೇಲ್‌ಗಳನ್ನು ಬೇರೆ ವಿಳಾಸಕ್ಕೆ ರವಾನಿಸುವ ಫಾರ್ವರ್ಡಿಂಗ್ ಏನಾದರೂ ಸೇರಿಕೊಂಡಿದೆಯೇ ನೋಡಿ. ಆಮೇಲೆ ಗೇಮ್ ಅಕೌಂಟ್. ಪಾಸ್‌ವರ್ಡ್ ಬದಲಿಸಿ, ಎಲ್ಲ ಸಾಧನಗಳಿಂದ ಲಾಗ್‌ಔಟ್ ಮಾಡಿ. ಒಮ್ಮೆ ಒಳಗೆ ಬಂದವನು ಪಾಸ್‌ವರ್ಡ್ ಬದಲಾದ ಮಾತ್ರಕ್ಕೆ ತಾನಾಗಿ ಹೊರಗೆ ಹೋಗುತ್ತಾನೆಂದು ನಂಬಿ ಕೂರಬೇಡಿ. ಸುಲಭವಾಗಿ ಗೆಲ್ಲಿಸುವ ಚೀಟ್ ಅಥವಾ ಆಟವನ್ನು ಮಾರ್ಪಡಿಸುವ ಮಾಡ್ ಎಂದು ಏನಾದರೂ ಇಳಿಸಿಕೊಂಡಿದ್ದರೆ ಇದನ್ನೆಲ್ಲ ಬೇರೆ ಸಾಧನದಿಂದ ಮಾಡಬೇಕು. ನಾವು ಲಾಗಿನ್ ಆಗಿದ್ದೇವೆಂದು ಬ್ರೌಸರ್ ಇಟ್ಟುಕೊಂಡಿರುವ ಗುರುತನ್ನೇ, ಅಂದರೆ ಲಾಗಿನ್ ಕುಕಿಯನ್ನೇ, ಕದಿಯುವ ಮಾಲ್‌ವೇರ್ ಎಂಬ ಕಳ್ಳ ಪ್ರೋಗ್ರಾಂಗಳಿವೆ, ಅವಕ್ಕೆ ಪಾಸ್‌ವರ್ಡೂ ಬೇಡ, ಕೋಡೂ ಬೇಡ.

ಒಳಗೆ ಹೋಗಲಿಕ್ಕೇ ಆಗದಿದ್ದರೆ ಕಂಪನಿಯ ಸಪೋರ್ಟ್‌ಗೆ ಬರೆಯಬೇಕು. ಹಳೆಯ ಖರೀದಿಯ ರಸೀದಿ, ಅಕೌಂಟ್ ತೆರೆದಾಗ ಬಂದ ಮೊದಲ ಮೇಲ್ ಆಗ ಬೆಲೆಬಾಳುತ್ತವೆ. ದುಡ್ಡು ಕೊಟ್ಟರೆ ನಾನು ವಾಪಸ್ ತರಿಸಿಕೊಡ್ತೀನಿ ಎನ್ನುವವರು ಈ ಹೊತ್ತಿನಲ್ಲೇ ಕಾಣಿಸಿಕೊಳ್ಳುತ್ತಾರೆ. ಅವರಿಗೆ ಉತ್ತರವನ್ನೇ ಕೊಡಬೇಡಿ.

ಮುಂದಕ್ಕೆ, ಸಿಗುವ ಕಡೆಯಲ್ಲೆಲ್ಲ ಪಾಸ್‌ಕೀ ಇಟ್ಟುಕೊಳ್ಳುವಂತೆ ಹೇಳಿದೆ. ಪಾಸ್‌ವರ್ಡ್ ಬದಲು ಫೋನಿನ ಬೆರಳಚ್ಚು ಅಥವಾ ಪಿನ್‌ನಿಂದಲೇ ಲಾಗಿನ್ ಆಗುವ ವಿಧಾನ ಅದು. ಅದು ಅಸಲಿ ತಾಣದ ವಿಳಾಸಕ್ಕೆ ಕಟ್ಟಿರುವಂಥದ್ದು, ನಕಲಿ ಪುಟದಲ್ಲಿ ಕೆಲಸ ಮಾಡದು. ಪಾಸ್‌ವರ್ಡ್‌ಗಳನ್ನು ನೆನಪಿಟ್ಟುಕೊಳ್ಳುವ ಪಾಸ್‌ವರ್ಡ್ ಮ್ಯಾನೇಜರ್ ಇದ್ದರೆ, ಅದು ಯಾವ ಪುಟದಲ್ಲಿ ತಾನಾಗಿ ತುಂಬಿಸುವುದಿಲ್ಲವೋ ಅಲ್ಲಿ ನಾವೂ ಕೈಯಿಂದ ತುಂಬಿಸುವ ಮುನ್ನ ನಿಲ್ಲಬೇಕು. ಗೆಳೆಯ ಲಿಂಕ್ ಕಳಿಸಿದರೆ ಕರೆ ಮಾಡಿ ಧ್ವನಿ ಕೇಳಿಯೇ ಒತ್ತಬೇಕು.

ಮೂರನೆಯ ಭೇಟಿಗೆ ತಂದೆಯೂ ಬಂದರು. “ಹೋಗಿದ್ದೇ ಒಳ್ಳೇದಾಯ್ತಲ್ಲ ಮೇಡಂ, ಇನ್ಮೇಲೆ ಗೇಮೇ ಬೇಡ,” ಎಂದರು. ಆಟಕ್ಕೆ ಸಮಯದ ಮಿತಿ ಹಾಕುವ ಹಕ್ಕು ನಿಮಗಿದೆ, ಆದರೆ ಇದಕ್ಕೆ ಶಿಕ್ಷೆಯಾಗಿ ಬೇಡ ಎಂದೆ. ಹೇಳಿಕೊಂಡದ್ದಕ್ಕೆ ಆಟ ಕಿತ್ತುಕೊಂಡರೆ ಮುಂದಿನ ಸಲ ಅವನು ಹೇಳುವುದಿಲ್ಲ, ಮುಂದಿನ ಸಲ ಹೋಗುವುದು ಬ್ಯಾಂಕಿನ ಅಕೌಂಟೂ ಆಗಿರಬಹುದು. ಅವರಿಗೆ ನನ್ನ ಮಾತು ಪೂರ್ತಿ ಒಪ್ಪಿಗೆಯಾಗಲಿಲ್ಲ. ಆದರೂ ಮಗನ ಕಡೆ ತಿರುಗಿ, “ಈಗ ಇಮೇಲ್ ಸರಿ ಇದೆಯೇನೋ?” ಎಂದು ಕೇಳಿದರು.

ಅಕೌಂಟ್ ಮೂರು ವಾರದ ನಂತರ ವಾಪಸ್ ಬಂತು. ಒಳಗಿದ್ದ ಐಟಂಗಳಲ್ಲಿ ಹೆಚ್ಚಿನವು ಬರಲಿಲ್ಲ. ಅಷ್ಟರಲ್ಲಿ ಹುಡುಗ ತಂಡದ ಇಬ್ಬರನ್ನು ಫೋನಿನಲ್ಲೇ ಕೂರಿಸಿಕೊಂಡು ಅವರವರ ಇಮೇಲ್ ಭದ್ರ ಮಾಡಿಸಿದ್ದ.