ಬೆರಳಿಗೆ ಕ್ಲಿಪ್, ಕೈಯಲ್ಲಿ ಗೇಮ್: ನಾಡಿ ನೋಡಿ ಆಡಿದರೆ ಸಿಟ್ಟು ಇಳಿಯುತ್ತದೆಯೇ?

ಪ್ರಶ್ನೆ: ನಮಸ್ಕಾರ್ರಿ ಸರ. ನನ್ನ ಮಗ ಒಂಬತ್ತನೇತ್ತೆ ಓದಾಕತ್ತಾನ. ಸಾಲಿಯಿಂದ ಬಂದಕೂಡ್ಲೆ ಮೊಬೈಲ್ ಹಿಡಿದು ಬಿಜಿಎಂಐ ಅನ್ನೂ ಬಂದೂಕಿನ ಗೇಮ್ ಆಡ್ತಾನ. ಸೋತ್ರ ಮೈಮ್ಯಾಲೆ ಖಬರ ಇರೂದಿಲ್ಲ, ತಂಗಿ ಮ್ಯಾಲೆ ಕೈ ಮಾಡ್ತಾನ. ಹಣಿಗೆ ಪಟ್ಟಿ ಕಟ್ಟಿಕೊಂಡು ಮನಸ್ಸಿನಿಂದ ಆಡೂ ಗೇಮ್ ಬಂದಾವ, ಅವನ್ನ ಆಡಿಸಿದ್ರ ಸಿಟ್ಟು ಕಡಿಮಿ ಆಗತೈತಿ ಅಂತ ನಮ್ಮ ಬೀಗರು ಅಂದ್ರು. 15 ಸಾವಿರ ಅಂತ. ತಗೋಬೇಕೇನ್ರಿ? ಇದು ಚಟ ಅಲ್ಲೇನ್ರಿ?
— ಓದುಗರು, ಇಳಕಲ್

ಉತ್ತರ: ಅಕ್ಕಾರೇ, ಆ ಪಟ್ಟಿ ತಗೊಳ್ಳಬೇಡಿ. ಹಣೆಗೆ ಕಟ್ಟುವ ಸಾಧನ ಮಿದುಳಿನ ಅತಿ ಸಣ್ಣ ವಿದ್ಯುತ್ ಅಲೆಗಳನ್ನು ಹಿಡಿಯಬೇಕು. ಹುಡುಗ ಕಣ್ಣು ಮಿಟುಕಿಸಿದರೂ ಹುಬ್ಬು ಗಂಟಿಕ್ಕಿದರೂ ಅದಕ್ಕಿಂತ ದೊಡ್ಡ ಅಲೆ ಅದರಲ್ಲಿ ಸೇರಿಕೊಳ್ಳುತ್ತದೆ. 1984ರಲ್ಲೇ ಅಟಾರಿ ಕಂಪನಿ ‘ಮೈಂಡ್‌ಲಿಂಕ್’ ಎಂಬ ಹಣೆಪಟ್ಟಿಯನ್ನು ತೋರಿಸಿತ್ತು. ಹೆಸರಲ್ಲಿ ಮನಸ್ಸಿತ್ತು, ಅದು ಓದುತ್ತಿದ್ದದ್ದು ಮಾತ್ರ ಹಣೆಯ ಸ್ನಾಯುಗಳನ್ನು. ಆಡಿ ನೋಡಿದವರು ತಲೆನೋವು ಎಂದರು. ಅದು ಅಂಗಡಿಗೆ ಬರಲೇ ಇಲ್ಲ.

ಆದರೆ ನಿಮ್ಮ ಬೀಗರ ಮಾತಿನಲ್ಲಿ ಹುರುಳಿಲ್ಲ ಎಂದೂ ಹೇಳಲಾರೆ. ಅಮೆರಿಕದ ಬಾಸ್ಟನ್ ಮಕ್ಕಳ ಆಸ್ಪತ್ರೆಯ ತಜ್ಞರು, ಸಿಟ್ಟು ತಡೆಯಲಾಗದ ಮಕ್ಕಳಿಗೆಂದೇ ‘ರೇಜ್ ಕಂಟ್ರೋಲ್’ ಎಂಬ ಆಟ ಮಾಡಿದ್ದಾರೆ. ಬಾಹ್ಯಾಕಾಶ ನೌಕೆಯಿಂದ ಗುಂಡು ಹಾರಿಸುವ ಆಟ ಅದು. ಮಗುವಿನ ಬೆರಳಿಗೆ ನಾಡಿ ನೋಡುವ ಕ್ಲಿಪ್ ಇರುತ್ತದೆ. ಎದೆಬಡಿತ ಮಿತಿ ದಾಟಿತೋ, ಗುಂಡು ಹಾರುವುದೇ ಇಲ್ಲ. ಗೆಲ್ಲಬೇಕಾದರೆ ಮೊದಲು ತಣ್ಣಗಾಗಬೇಕು. ಫಲಿತಾಂಶ ಚೆನ್ನಾಗಿತ್ತು. ಆದರೆ ಮಾರುವವರು ಬಿಟ್ಟುಬಿಡುವ ಸಂಗತಿಯೊಂದಿದೆ: ಆ ಮಕ್ಕಳು ಒಬ್ಬೊಬ್ಬರೇ ಕೂತು ಆಡಲಿಲ್ಲ. ಪಕ್ಕದಲ್ಲಿ ಚಿಕಿತ್ಸಕರಿದ್ದರು. ಸಿಟ್ಟು ಬಂದಾಗ ಹೇಗೆ ಯೋಚಿಸಬೇಕು, ಹೇಗೆ ಉಸಿರಾಡಬೇಕು ಎಂದು ಮೊದಲು ಕಲಿಸಿದ್ದರು. ಆಟ ಆ ಕಲಿಕೆಯ ಅಭ್ಯಾಸವಾಗಿತ್ತು.

ಯಂತ್ರಕ್ಕೆ ಎದೆಬಡಿತದ ಲೆಕ್ಕ ಗೊತ್ತು, ಅದು ಯಾಕೆ ಏರಿತು ಎನ್ನುವುದು ಗೊತ್ತಿಲ್ಲ. ಬಾಗಲಕೋಟೆ ನವನಗರದ ನಮ್ಮ ಸಮಾಲೋಚನೆ ಕೋಣೆಗೆ ಬಂದಿದ್ದ ಹುಡುಗನೊಬ್ಬನ ಕಿರುಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿ, ಅವನ ಇಷ್ಟದ ಗೇಮ್ ಆಡಲು ಹೇಳಿದೆ. ಎದುರಾಳಿಗಳು ಸುತ್ತುವರಿದಾಗ ಎದೆಬಡಿತದ ಅಂಕಿ ಅಷ್ಟೇನೂ ಏರಲಿಲ್ಲ. ಅಷ್ಟರಲ್ಲಿ ಪರದೆಯ ಮೇಲೆ ‘ಅಪ್ಪ’ ಎಂದು ಕರೆ ಬಂತು, ಅಂಕಿ ನೂರು ದಾಟಿತು. ಹುಡುಗ ಅದನ್ನೇ ದಿಟ್ಟಿಸಿ, “ಗೇಮಿಗಲ್ರಿ ಸರ, ಅಪ್ಪಗ” ಎಂದ. ಮುಂದೆ ನಾವು ಗೇಮ್ ಬಗ್ಗೆ ಮಾತಾಡಿದ್ದು ಕಡಿಮೆ, ಮನೆಯ ಬಗ್ಗೆ ಮಾತಾಡಿದ್ದೇ ಹೆಚ್ಚು.

ಕೊರೊನಾ ಕಾಲದಲ್ಲಿ ತಂದ ಆಕ್ಸಿಮೀಟರ್ ನಿಮ್ಮ ಮನೆಯ ಕಪಾಟಿನಲ್ಲೂ ಇರಬಹುದು. ಅದು ಸಾಕು. ಮಗನಿಗೆ ಗೇಮ್ ಇಲ್ಲದಾಗ ಕೊಡಿ. ನಾಲ್ಕೈದು ಸೆಕೆಂಡ್ ಉಸಿರು ಒಳಗೆ, ಐದಾರು ಸೆಕೆಂಡ್ ಹೊರಗೆ, ನಿಮಿಷಕ್ಕೆ ಸುಮಾರು 6 ಉಸಿರು. ಉಸಿರು ಒಳಗೆಳೆದಾಗ ಬಡಿತ ತುಸು ಚುರುಕಾಗುತ್ತದೆ, ಬಿಟ್ಟಾಗ ನಿಧಾನವಾಗುತ್ತದೆ. ಈ ಗತಿಯಲ್ಲಿ ಆ ಏರಿಳಿತ ಉಸಿರಿನ ಜೊತೆ ಎಲ್ಲಕ್ಕಿಂತ ಚೆನ್ನಾಗಿ ಹೊಂದಿಕೊಳ್ಳುತ್ತದೆ. ಆಕ್ಸಿಮೀಟರ್ ಸರಾಸರಿ ತೋರಿಸುವುದರಿಂದ ಅಂಕಿ ಸ್ವಲ್ಪ ತಡವಾಗಿ ಇಳಿಯುತ್ತದೆ ಎಂದು ಅವನಿಗೆ ಮೊದಲೇ ಹೇಳಿ, ಇಲ್ಲದಿದ್ದರೆ ಅದಕ್ಕೂ ಸಿಟ್ಟಾದಾನು. ಮೇಲಿಂದ ಮೇಲೆ ರೂಢಿಯಾದ ಮೇಲೆ, ಪಂದ್ಯ ಸೋತ ಕೂಡಲೇ ಮಾಡಲಿ. ನೀವೂ ಜೊತೆಗೆ ಕೂತು ಮಾಡಿ. ದಯವಿಟ್ಟು ಆ ಅಂಕಿ ಹಿಡಿದು ಅವನನ್ನು ಬೈಯಬೇಡಿ. “ನೋಡು, ನಿನಗ ಸಿಟ್ಟು ಬಂದೈತಿ” ಎಂದು ಯಂತ್ರ ತೋರಿಸಿ ಅಣಕಿಸಿದರೆ ಅವನು ಮರುದಿನ ಆ ಕ್ಲಿಪ್ ಮುಟ್ಟುವುದಿಲ್ಲ.

ಬಂದೂಕಿನ ಆಟವೇ ಅವನನ್ನು ಹೊಡೆಯುವವನನ್ನಾಗಿ ಮಾಡಿದೆ ಎಂಬ ಭಯ ನಿಮಗಿದ್ದರೆ, 2019ರಲ್ಲಿ ಬ್ರಿಟನ್ನಿನ 14–15 ವಯಸ್ಸಿನ ಸಾವಿರ ಮಕ್ಕಳ ಮೇಲೆ ನಡೆದ ಅಧ್ಯಯನದಲ್ಲಿ ಅಂಥ ನಂಟು ಕಾಣಲಿಲ್ಲ. ಅದಕ್ಕಿಂತ 2014ರ ಇನ್ನೊಂದು ಸಂಶೋಧನೆ ನಿಮ್ಮ ಮಗನಿಗೆ ಹತ್ತಿರದ್ದು. ಆಟದಲ್ಲಿ ರಕ್ತ ಇದೆಯೋ ಇಲ್ಲವೋ ಎನ್ನುವುದಕ್ಕಿಂತ, ಆಡುವವರ ಕೈಲಾಗದಂತೆ ಮಾಡಿದಾಗ, ಅಂದರೆ ನಿಯಂತ್ರಣ ಕೈಗೆ ಸಿಗದೆ ಮತ್ತೆ ಮತ್ತೆ ಸೋತಾಗ, ಸಿಟ್ಟು ಏರುತ್ತಿತ್ತು. ನಿಮ್ಮ ಮಗನಿಗೆ ತನ್ನ ಕೈಲಾಗುತ್ತದೆ ಎನಿಸುವ ಜಾಗ ಮೊಬೈಲ್ ಒಂದೇ ಆಗಿದೆಯೇ? ಸಾಲಿಯಲ್ಲಿ, ಮೈದಾನದಲ್ಲಿ ಏನಾಗುತ್ತಿದೆ? ನನಗೆ ಇದೇ ಮುಖ್ಯ ಪ್ರಶ್ನೆಯಾಗಿ ಕಾಣುತ್ತದೆ. ತಂಗಿಗೆ ಹೊಡೆಯುವುದು ಮಾತ್ರ ಇಂದೇ ನಿಲ್ಲಬೇಕು, ಅದಕ್ಕೆ ಯಾವ ಸಂಶೋಧನೆಯೂ ಬೇಡ.

ಇನ್ನು ಚಟದ ಮಾತು. ವಿಶ್ವ ಆರೋಗ್ಯ ಸಂಸ್ಥೆ ಗೇಮಿಂಗ್ ಅಸ್ವಸ್ಥತೆಯನ್ನು ಕಾಯಿಲೆಗಳ ಪಟ್ಟಿಗೆ ಸೇರಿಸಿದೆ, 2022ರಿಂದ ಅದು ಜಾರಿಯಲ್ಲಿದೆ. ಆದರೆ ತಾಸುಗಳನ್ನು ಎಣಿಸಿ ಅದನ್ನು ನಿರ್ಧರಿಸುವುದಿಲ್ಲ. ಆಟ ನಿಲ್ಲಿಸಲಾಗದೇ ಇರುವುದು, ಊಟ ಓದು ಗೆಳೆಯರಿಗಿಂತ ಆಟವೇ ಮುಂದಾಗುವುದು, ಹಾನಿ ಕಣ್ಣಿಗೆ ಕಂಡರೂ ಬಿಡದಿರುವುದು, ಇವು ಮೂರೂ ಸೇರಿ ಬದುಕು ಹಳಿ ತಪ್ಪಿರಬೇಕು, ಸಾಮಾನ್ಯವಾಗಿ 12 ತಿಂಗಳು ಹೀಗೇ ನಡೆದಿರಬೇಕು. ನಿಮ್ಮ ಪತ್ರದಿಂದ ಹಾಗೆ ಹೇಳಲು ಬರುವುದಿಲ್ಲ. ಹಾಗನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ ಕರೆ ಮಾಡಿ, ಅವರು ಕನ್ನಡದಲ್ಲೇ ಮಾತಾಡುತ್ತಾರೆ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ನಿಮಗೆ ಬೆಂಗಳೂರಿಗಿಂತ ಹತ್ತಿರ.

ಪ್ರಶ್ನೆ: ನಾನು ಬೆಳಗಾವಿಯಲ್ಲಿ ಎಂಜಿನಿಯರಿಂಗ್ ಅಂತಿಮ ವರ್ಷದಲ್ಲಿದ್ದೇನೆ. ಎದೆಬಡಿತ ಏರಿದರೆ ಓಟ ಜೋರಾಗುವ ಗೇಮನ್ನು ಆರ್ಡುಯಿನೊ ಎಂಬ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡ್ ಮತ್ತು ಪಲ್ಸ್ ಸೆನ್ಸರ್ ಬಳಸಿ ಪ್ರಾಜೆಕ್ಟ್‌ಗೆ ಮಾಡಿದ್ದೇವೆ. ಸೆನ್ಸರ್ ಸರಿಯಿದ್ದರೂ ಆಡಿದ ಗೆಳೆಯರು ಬೋರ್ ಎನ್ನುತ್ತಾರೆ. ತಪ್ಪೆಲ್ಲಿದೆ?

ಉತ್ತರ: ತಪ್ಪಿರುವುದು ಸರ್ಕಿಟ್‌ನಲ್ಲಿ ಅಲ್ಲಪ್ಪಾ. ಎದೆಬಡಿತವನ್ನು ಯಾರೂ ಬೇಕೆಂದಾಗ ಥಟ್ಟನೆ ಏರಿಸಲಾರರು. ಓಡಬೇಕು ಎನಿಸಿದಾಗ ಓಡಲಾಗದ ಆಟ ಬೇಸರ ತರಿಸದೆ ಇನ್ನೇನು ಮಾಡೀತು? ಕೆನಡಾದ ಸಸ್ಕಾಚೆವಾನ್ ವಿಶ್ವವಿದ್ಯಾಲಯದವರು 2011ರಲ್ಲಿ ಇದನ್ನೇ ಪರೀಕ್ಷಿಸಿದರು. ಉಸಿರು ಬಿಟ್ಟರೆ ಬೆಂಕಿಯ ಜ್ವಾಲೆ ಉದ್ದವಾಗುವಂಥ, ತಾವೇ ನಡೆಸಬಹುದಾದ ನೇರ ನಿಯಂತ್ರಣ ಆಡುವವರಿಗೆ ಹಿಡಿಸಿತು. ಎದೆಬಡಿತ ಹೊಂದಿದ್ದು ಹಿನ್ನೆಲೆಗೆ, ಹಿಮ ಬೀಳುವುದು, ವಾತಾವರಣ ಬದಲಾಗುವುದು ಇತ್ಯಾದಿಗೆ. ನೀವೂ ಓಟವನ್ನು ಉಸಿರಿಗೋ ಬಟನ್ನಿಗೋ ಕೊಡಿ, ಬಡಿತದಿಂದ ಮಂಜು ಕವಿಯಲಿ.

ಇನ್ನೆರಡು ಮಾತು. ಕಂಟ್ರೋಲರ್ ಒತ್ತುವ ಬೆರಳಿಗೇ ಸೆನ್ಸರ್ ಹಾಕಿದರೆ ಅಲುಗಾಟವೂ ಬಡಿತವಾಗಿ ಕಾಣುತ್ತದೆ. 1998ರಲ್ಲಿ ಸೆಟಾ ಕಂಪನಿ ಜಪಾನಿನಲ್ಲಿ, ನಿಂಟೆಂಡೊ ಗೇಮ್ ಯಂತ್ರಕ್ಕಾಗಿ ತಂದ ‘ಟೆಟ್ರಿಸ್ 64’ ಆಟದ ಜೊತೆ ಕೊಟ್ಟ ಸೆನ್ಸರ್ ಕಿವಿಯ ಹಾಲೆಗೆ ಸಿಕ್ಕಿಸುವಂಥದ್ದು. ಅಲ್ಲಿ ಹಾಕಿ ನೋಡಿ. ಮತ್ತೆ, 100 ದಾಟಿದರೆ ಒತ್ತಡ ಎಂಬಂಥ ಒಂದೇ ಮಿತಿಯನ್ನು ಎಲ್ಲರಿಗೂ ಇಡಬೇಡಿ. ಒಬ್ಬನ ಸಹಜ ಬಡಿತ 65, ಇನ್ನೊಬ್ಬನದು 90. ಮೆಟ್ಟಿಲು ಹತ್ತಿ ಬಂದವನು, ಈಗಷ್ಟೇ ಚಹಾ ಕುಡಿದವನು ಬೇರೆ. ಎರಡು ಮೂರು ನಿಮಿಷ ಸುಮ್ಮನೆ ಕೂರಿಸಿ ಅವರವರ ಮೂಲಮಟ್ಟ ತೆಗೆದುಕೊಂಡು, ಅಲ್ಲಿಂದ ಎಷ್ಟು ಸರಿಯಿತು ಎಂಬುದನ್ನೇ ಲೆಕ್ಕಹಾಕಿ. ಇಷ್ಟು ಮಾಡಿದರೂ ಕೆಲವರ ಮೇಲೆ ಸೆನ್ಸರ್ ಕೆಲಸ ಮಾಡಲಿಕ್ಕಿಲ್ಲ. ನಿಂಟೆಂಡೊ 2009ರಲ್ಲಿ ಘೋಷಿಸಿದ, ಬೆರಳಿನ ನಾಡಿ ನೋಡುವ ‘ವೈಟಾಲಿಟಿ ಸೆನ್ಸರ್’ ನಿಂತುಹೋದದ್ದು, ಎಲ್ಲರ ಮೇಲೂ ಒಂದೇ ರೀತಿ ನಡೆಯುವುದಿಲ್ಲ ಎಂಬ ಕಾರಣಕ್ಕೆ. ಹಾಗಾಗಿ ಸೆನ್ಸರ್ ಇಲ್ಲದೆಯೂ ಆಟ ಸಾಗುವ ದಾರಿಯೊಂದನ್ನು ಇಟ್ಟಿರಿ.

ಪ್ರದರ್ಶನದ ದಿನ ಗೆಳೆಯರ ಎದೆಬಡಿತವನ್ನು ಪ್ರೊಜೆಕ್ಟರ್ ಮೇಲೆ ಹೆಸರು ಸಮೇತ ಹಾಕುವ ಆಸೆ ಬರುತ್ತದೆ, ಹಾಕಬೇಡಿ. ಅದು ಅವರ ಮೈಯ ಮಾಹಿತಿ. ಮೊದಲೇ ಕೇಳಿ, ಒಪ್ಪಿದವರದನ್ನು ಮಾತ್ರ ಉಳಿಸಿಕೊಳ್ಳಿ, ಪ್ರಾಜೆಕ್ಟ್ ಮುಗಿದ ಮೇಲೆ ಅಳಿಸಿಬಿಡಿ.