ತಂಗಿಯ ಜೊತೆ ಆಸ್ಪತ್ರೆಗೆ ಹೋಗಲಾ?

ಪ್ರಶ್ನೆ: ನಾನು 14 ವರ್ಷ ಸ್ಟಾಫ್ ನರ್ಸ್ ಆಗಿದ್ದವಳು. ಒಂದು ನರ್ಸಿಂಗ್ ಹೋಮ್‌ನಲ್ಲಿ ಐದು ತಿಂಗಳ ಗರ್ಭ ತೆಗೆದು ಟ್ರೇ ನನ್ನ ಕೈಗೆ ಕೊಟ್ಟರು. ಹೆಣ್ಣು ಕೂಸು. ಹೊರಗೆ ಅತ್ತೆ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಳ್ಳುತ್ತಾ, ‘ಮೊದಲನೆಯದೂ ಹೆಣ್ಣೇ, ಇನ್ನೇನು ಮಾಡೋದು’ ಅಂದರು. ಮಾರನೇ ದಿನವೇ ಕೆಲಸ ಬಿಟ್ಟೆ. ಈಗ ಒಂದು ತಂಡದ ಜೊತೆ ಊರೂರಿಗೆ ಹೋಗಿ, ಗರ್ಭಪಾತ ಅಂದರೆ ಕೊಲೆ ಅಂತ ಮಾತಾಡುತ್ತೇನೆ. ಹೀಗಿರುವಾಗ ನನ್ನ ತಂಗಿಗೇ ಎಂಟು ವಾರ. ಚಿಕ್ಕ ಮಗುವಿಗೆ ಇನ್ನೂ ಒಂಬತ್ತು ತಿಂಗಳು. ‘ನನ್ನ ಕೈಲಾಗಲ್ಲ ಅಕ್ಕ, ಆಸ್ಪತ್ರೆಗೆ ಜೊತೆಗೆ ಬಾ’ ಅಂತ ಅಳುತ್ತಾಳೆ. ಹೋದರೆ ಮತ್ತೆ ವೇದಿಕೆ ಹತ್ತಬೇಡ ಅಂತ ತಂಡದವರು ಹೇಳಿದ್ದಾರೆ. ಏನು ಮಾಡಲಿ?

ಉತ್ತರ: ಸಿಸ್ಟರ್, ಹೋಗಿ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಟ್ರೇ ಇದೆ, ಅತ್ತೆ ಇದ್ದಾರೆ, ಕಾಫಿ ಫ್ಲಾಸ್ಕ್ ಕೂಡ ಇದೆ. ಮಂಚದ ಮೇಲೆ ಮಲಗಿದ್ದ ಆ ತಾಯಿ ಮಾತ್ರ ಎಲ್ಲೂ ಇಲ್ಲ. ಅವಳು ಏನಂದಳು? ಅವಳನ್ನು ಯಾರಾದರೂ ಕೇಳಿದ್ದರಾ? ಬಹುಶಃ ಯಾರೂ ಕೇಳಿರಲಿಲ್ಲ. ಅವತ್ತು ನಡೆದ ಅನ್ಯಾಯದಲ್ಲಿ ಅದೂ ಒಂದು.

ನಿಮ್ಮ ಸಿಟ್ಟು ಸುಳ್ಳಲ್ಲ. 2023ರ ನವೆಂಬರ್‌ನಲ್ಲಿ ಮಂಡ್ಯದ ಹತ್ತಿರ ಆಲೆಮನೆಯಲ್ಲೇ ಸ್ಕ್ಯಾನಿಂಗ್ ಮೆಷಿನ್ ಇಟ್ಟು ಹೆಣ್ಣೋ ಗಂಡೋ ಅಂತ ನೋಡುತ್ತಿದ್ದ ಸುದ್ದಿ ಬಂದಾಗ ನನಗೂ ಹೊಟ್ಟೆ ತೊಳಸಿತ್ತು. ಲಿಂಗ ಪತ್ತೆ 1994ರ ಕಾಯ್ದೆಯ ಪ್ರಕಾರ ಅಪರಾಧ. 2011ರ ಜನಗಣತಿಯಲ್ಲಿ ನಮ್ಮ ರಾಜ್ಯದಲ್ಲಿ ಆರು ವರ್ಷದೊಳಗಿನ 1000 ಗಂಡುಮಕ್ಕಳಿಗೆ ಹೆಣ್ಣುಮಕ್ಕಳು 948 ಮಾತ್ರ. ಇದರ ಬಗ್ಗೆ ಇನ್ನೂ ಜೋರಾಗಿ ಮಾತಾಡಿ. ಒಳಗಿದ್ದು ನೋಡಿದವರು ನೀವು.

ಆದರೆ ನಿಮ್ಮ ತಂಗಿಯದು ಅದಲ್ಲ. ಎಂಟು ವಾರಕ್ಕೆ ಯಾವ ಸ್ಕ್ಯಾನಿಂಗ್‌ನಲ್ಲೂ ಹೆಣ್ಣೋ ಗಂಡೋ ಕಾಣುವುದಿಲ್ಲ. ಇದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು ಅಲ್ವಾ? ಅವಳು ಮಗಳು ಬೇಡ ಅನ್ನುತ್ತಿಲ್ಲ, ಕೈಲಾಗಲ್ಲ ಅನ್ನುತ್ತಿದ್ದಾಳೆ.

ಬೆಳಗಾವಿಯ ಸವಿತಾ ಹಾಲಪ್ಪನವರ್ ನೆನಪಿದ್ದಾರಾ? ದಂತವೈದ್ಯೆ, 31 ವರ್ಷ. 2012ರಲ್ಲಿ ಐರ್ಲೆಂಡ್‌ನ ಗಾಲ್ವೆಯಲ್ಲಿ ಅವರ 17 ವಾರದ ಗರ್ಭ ಉಳಿಯಲ್ಲ ಅಂತ ಗೊತ್ತಾಯಿತು. ಮಗುವಿನ ಎದೆಬಡಿತ ಇದೆ ಅನ್ನುವ ಕಾರಣಕ್ಕೆ ಗರ್ಭಪಾತ ಮಾಡಲಿಲ್ಲ. ಮೈಗೆಲ್ಲ ನಂಜೇರಿ ತೀರಿಕೊಂಡರು. ಅದು ಅವರು ಆಸೆಪಟ್ಟು ಬಯಸಿದ್ದ ಮಗು. ಎಲ್ಲ ಗರ್ಭಪಾತವೂ ಕೊಲೆ ಅಂತ ವೇದಿಕೆಯಲ್ಲಿ ಹೇಳುವಾಗ, ಕೇಳುವವರ ನಡುವೆ ಸವಿತಾ ಥರದವರೂ ಕೂತಿರಬಹುದು.

ಗರ್ಭಪಾತ ತಪ್ಪು ಅಂತ ನಿಮ್ಮ ಮನಸ್ಸು ಹೇಳಿದರೆ ಅದನ್ನು ಬದಲಾಯಿಸಿಕೊಳ್ಳಿ ಅಂತ ನಾನು ಹೇಳಲ್ಲ. ಆ ಕೆಲಸಕ್ಕೆ ನೀವು ಕೈ ಹಾಕಬೇಕಿಲ್ಲ. ತಂಗಿಯ ಪಕ್ಕದಲ್ಲಿ ಕೂತಿದ್ದರೆ ಸಾಕು.

ಮೊದಲು ಅವಳೊಬ್ಬಳನ್ನೇ ಕೂರಿಸಿಕೊಂಡು ಕೇಳಿ. ಗಂಡನದ್ದೋ ಅತ್ತೆಯದ್ದೋ ಒತ್ತಾಯ ಇದೆಯಾ? ಇಟ್ಟುಕೊಳ್ತೀನಿ ಅಂದರೆ ಅದಕ್ಕೂ ಜೊತೆ ನಿಲ್ಲಿ. ಬೇಡವೇ ಬೇಡ ಅಂದರೆ ತಡ ಮಾಡಬೇಡಿ. ಒಂಬತ್ತು ವಾರದೊಳಗೆ ಮಾತ್ರೆಯಲ್ಲೇ ಆಗುತ್ತದೆ, ಡಾಕ್ಟರ್ ಮೂಲಕವೇ ಆಗಬೇಕು. ಸುಮ್ನೆ ಮೆಡಿಕಲ್ ಶಾಪಿನಿಂದ ತಂದು ನುಂಗುವುದು ಬೇಡ. ರಕ್ತ ಕಡಿಮೆ ಇದೆಯಾ ಅಂತಲೂ ನೋಡಿಸಿ. ಗಂಡನ ಸಹಿ ಬೇಕು ಅಂತ ಕೆಲವು ಕಡೆ ಕೇಳುತ್ತಾರೆ. 18 ತುಂಬಿದವಳಿಗೆ ಕಾನೂನಿನ ಪ್ರಕಾರ ಅವಳ ಒಪ್ಪಿಗೆಯಷ್ಟೇ ಸಾಕು.

ತಂಡದವರಿಗೆ ಇದನ್ನು ಮೊದಲೇ ಹೇಳಿದ್ದೀರಿ, ಆಗಿದ್ದು ಆಯಿತು. ಇನ್ನು ಒಂದು ಮಾತೂ ಜಾಸ್ತಿ ಹೇಳಬೇಡಿ. ಆ ನರ್ಸಿಂಗ್ ಹೋಮ್ ತಾಯಿಯ ಊರು, ಹೆಸರು ಕೂಡ ವೇದಿಕೆಯಲ್ಲಿ ಬರಕೂಡದು. ನಿಮ್ಮನ್ನು ವೇದಿಕೆ ಹತ್ತಿಸದಿದ್ದರೆ ಬೇಡ ಬಿಡಿ. ಲಿಂಗ ಪತ್ತೆಯ ವಿರುದ್ಧ ಮಾತಾಡೋಕೆ ಅಂಗನವಾಡಿ ಜಗುಲಿ ಸಾಕು, ಆಶಾ ಕಾರ್ಯಕರ್ತೆಯರು ಖುಷಿಯಿಂದ ಕರೀತಾರೆ.

ಇವತ್ತೇ ತಂಗಿಗೆ ಫೋನ್ ಮಾಡಿ. ಆಸ್ಪತ್ರೆಗೆ ಹೋದ ದಿನ ಚಿಕ್ಕ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ ಅಂತ ಕೇಳಿ. ಆ ಚಿಂತೆಯಲ್ಲೇ ಅವಳಿಗೆ ನಿದ್ದೆ ಬಂದಿರಲಿಕ್ಕಿಲ್ಲ.