ಇತ್ತೀಚೆಗೆ ಓದಿದ ಕಾದಂಬರಿಗಳಲ್ಲಿ ನಿಮ್ಮ ಮನಸ್ಸಲ್ಲಿ ಉಳಿದದ್ದು ಯಾವುದು?

ಯಾವುದು ಮನಸ್ಸಲ್ಲಿ ಉಳಿಯಿತು ಅಂತ ಕೇಳಿದ್ದೀರಿ. ಜೊತೆಗೆ, ಬರೀ ಪ್ರಶಸ್ತಿ ನೋಡಿ ಪುಸ್ತಕ ಕೊಳ್ಳಬಹುದಾ ಅಂತಲೂ ಕೇಳಿದ್ದೀರಿ.

ಮೊದಲನೆಯದಕ್ಕೆ ಯೋಚಿಸಬೇಕಾಗಿಲ್ಲ. ಐರ್ಲೆಂಡಿನ ಲೇಖಕಿ ಕ್ಲೇರ್ ಕೀಗನ್ ಬರೆದ ‘ಸ್ಮಾಲ್ ಥಿಂಗ್ಸ್ ಲೈಕ್ ದೀಸ್’. 2021ರಲ್ಲಿ ಬಂದದ್ದು, ನೂರು ಪುಟಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ. ಒಂದೇ ಸಂಜೆಗೆ ಮುಗಿಯಿತು. ಮರುದಿನ ಮತ್ತೆ ಮೊದಲ ಪುಟದಿಂದ ಓದಿದೆ.

1985ರ ಕ್ರಿಸ್‌ಮಸ್ ಹತ್ತಿರ ಬಂದಿದೆ. ಐರ್ಲೆಂಡಿನ ಒಂದು ಸಣ್ಣ ಊರು. ಬಿಲ್ ಫರ್ಲಾಂಗ್ ಅಲ್ಲಿ ಕಲ್ಲಿದ್ದಲು, ಸೌದೆ ಮಾರುತ್ತಾನೆ. ಐದು ಹೆಣ್ಣುಮಕ್ಕಳ ತಂದೆ. ಒಂದು ಬೆಳಗಿನ ಜಾವ ಕ್ರೈಸ್ತ ಸನ್ಯಾಸಿನಿಯರು ಇರುವ ಕಾನ್ವೆಂಟಿಗೆ ಕಲ್ಲಿದ್ದಲು ಹಾಕಲು ಹೋದಾಗ, ಅದನ್ನು ತುಂಬಿಡುವ ಕೋಣೆಯಲ್ಲಿ ಒಬ್ಬ ಹುಡುಗಿ ಸಿಗುತ್ತಾಳೆ. ಆ ಚಳಿಯಲ್ಲಿ ಅವಳನ್ನು ಒಳಗೆ ಕೂಡಿಹಾಕಿದ್ದಾರೆ. ಇವನು ಏನು ಮಾಡುತ್ತಾನೆ? ಅವಳನ್ನು ಅದೇ ಸನ್ಯಾಸಿನಿಯರ ಕೈಗೆ ಒಪ್ಪಿಸುತ್ತಾನೆ. ಅವರ ಮುಖ್ಯಸ್ಥೆ ಮದರ್ ಸುಪೀರಿಯರ್ ಅವನನ್ನು ಒಳಗೆ ಕರೆದು ಟೀ ಕೊಡುತ್ತಾಳೆ. ಅವನ ಮಕ್ಕಳ ಓದಿನ ವಿಚಾರ ತೆಗೆಯುತ್ತಾಳೆ. ಹಬ್ಬದ ಲೆಕ್ಕದಲ್ಲಿ ಒಂದು ಲಕೋಟೆಯನ್ನೂ ಕೊಡುತ್ತಾಳೆ. ಒಂದು ಗದರಿಕೆಯ ಮಾತಿಲ್ಲ, ಆದರೂ ಓದುವವರಿಗೆ ಉಸಿರು ಕಟ್ಟುತ್ತದೆ.

ಮದುವೆಯಾಗದೆ ಬಸುರಾದ ಹೆಣ್ಣುಮಕ್ಕಳನ್ನೂ ಇನ್ನೆಷ್ಟೋ ಜನರನ್ನೂ ಹೀಗೆ ಇಟ್ಟು ಬಟ್ಟೆ ಒಗೆಸುತ್ತಿದ್ದ ಮನೆಗಳು ಅಲ್ಲಿ ನಿಜವಾಗಿಯೂ ಇದ್ದವು. ಕೊನೆಯದು ಮುಚ್ಚಿದ್ದು 1996ರಲ್ಲಿ. ಸರ್ಕಾರ ಕ್ಷಮೆ ಕೇಳಿದ್ದು 2013ರಲ್ಲಿ. ಕಥೆಯೊಳಗೆ ಕೀಗನ್ ಇದನ್ನು ವಿವರಿಸಲು ಹೋಗುವುದಿಲ್ಲ. ಆ ಟೀ, ಆ ಲಕೋಟೆ ಸಾಕು. ಮುಂದೆ ಫರ್ಲಾಂಗ್ ಏನು ಮಾಡುತ್ತಾನೆ ಅನ್ನುವುದನ್ನು ನೀವೇ ಓದಿ.

ಇದನ್ನು ಓದಿದ ಮೇಲೆ ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಮತ್ತೆ ತೆಗೆದೆ. ಮೊದಲ ಸಲ ಓದಿದಾಗ ಇರುವೆಗಳು, ದುಡ್ಡು, ಕಥೆ ಹೇಳುವವನ ಹೆಂಡತಿ ಅನಿತಾ ಇಷ್ಟೇ ನೆನಪಿದ್ದವು. ಈ ಸಲ ನನ್ನನ್ನು ಹಿಡಿದು ನಿಲ್ಲಿಸಿದ್ದು ಬಾಗಿಲಿನ ಹತ್ತಿರದ ಪ್ರಸಂಗ. ಚಿಕ್ಕಪ್ಪನನ್ನು ಹುಡುಕಿಕೊಂಡು ಒಬ್ಬಳು ಬರುತ್ತಾಳೆ, ಅವನಿಗಾಗಿ ಮಸೂರ ಬೇಳೆಯ ಅಡುಗೆ ಮಾಡಿ ತಂದಿದ್ದಾಳೆ. ಮನೆಯ ಹೆಂಗಸರು ಅವಳನ್ನು ಬಾಯಿಗೆ ಬಂದಂತೆ ಬೈದು ಓಡಿಸುತ್ತಾರೆ. ಕಥೆ ಹೇಳುವವನು ಸುಮ್ನೆ ನೋಡುತ್ತಾನೆ. ಫರ್ಲಾಂಗನೂ ಮೊದಲು ಸುಮ್ಮನಿದ್ದವನೇ ಅಲ್ವಾ? ಆದರೆ ಆ ಸುಮ್ಮನಿದ್ದದ್ದು ಅವನಿಗೆ ನಿದ್ದೆ ಕೊಡುವುದಿಲ್ಲ. ‘ಘಾಚರ್ ಘೋಚರ್’ನವನು ಮಾತ್ರ ಕಾಫಿ ಹೌಸಿನಲ್ಲಿ ಕೂತು ಅದನ್ನು ನಮಗೆ ತಣ್ಣಗೆ ಹೇಳುತ್ತಾನೆ. ಎರಡನ್ನೂ ಒಟ್ಟಿಗೆ ಓದಿದ್ದರಿಂದ ಇದು ನನಗೆ ಕಂಡಿತು.

ಕೊರಿಯಾದ ಲೇಖಕಿ ಹಾನ್ ಕಾಂಗ್ ಅವರ ‘ದಿ ವೆಜಿಟೇರಿಯನ್’ ಓದಲು ಕಷ್ಟವಾಯಿತು. ಕಥೆ ಅಷ್ಟು ಕ್ರೂರ. ಮಾಂಸ ಬಿಟ್ಟ ಹೆಂಗಸಿನ ಕಥೆಯನ್ನು ಗಂಡ, ಭಾವ, ಅಕ್ಕ ಇವರ ಕಣ್ಣಿಂದಲೇ ನೋಡಬೇಕು. ನಡುನಡುವೆ ಅವಳ ಕನಸಿನ ಕೆಲವು ತುಣುಕು, ಅಷ್ಟೇ ಅವಳದು. ಬೆಳಿಗ್ಗೆ ಫ್ರಿಜ್ ಮುಂದೆ ಕೂತು ಅವಳು ಮಾಂಸವನ್ನೆಲ್ಲ ಎಸೆಯುತ್ತಿದ್ದರೆ, ಗಂಡನಿಗೆ ಆಫೀಸಿಗೆ ತಡವಾಗುವ ಚಿಂತೆ! ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಓಡಾಡಿ ಬಂದೆ.

ಇನ್ನು ಪ್ರಶಸ್ತಿಯ ಮಾತು. 2024ರ ಬುಕರ್ ಬಂದ ಸಮಂತಾ ಹಾರ್ವೆ ಅವರ ‘ಆರ್ಬಿಟಲ್’ ತುಂಬಾ ಆಸೆಯಿಂದ ತಂದೆ. ಬಾಹ್ಯಾಕಾಶ ನಿಲ್ದಾಣದಲ್ಲಿ ಆರು ಜನ, ಒಂದು ದಿನ, ಭೂಮಿಗೆ 16 ಸುತ್ತು. ಒಂದೊಂದು ವಾಕ್ಯವೂ ಚೆಂದ. ಆದರೆ ಅರ್ಧ ಓದಿದರೂ ಆರು ಜನರಲ್ಲಿ ಯಾರು ಯಾರು ಅನ್ನುವುದು ನನಗೆ ಗಟ್ಟಿಯಾಗಲಿಲ್ಲ. ನನಗೆ ಮನುಷ್ಯರು ಬೇಕು. ಭಾಷೆಯ ಚೆಲುವಿಗಾಗಿಯೇ ಓದುವವರಾದರೆ ನಿಮಗೆ ಇದು ಖಂಡಿತ ಇಷ್ಟವಾಗಬಹುದು. ಹಾಗಾಗಿ ಪ್ರಶಸ್ತಿ ನೋಡಿ ಕೊಳ್ಳುವ ಮೊದಲು ಮೊದಲ ಹತ್ತು ಪುಟ ಓದಿ ನೋಡಿ. ಕೀಗನ್ ಆದರೆ ಅದೂ ಬೇಡ, ನೇರವಾಗಿ ತಂದುಬಿಡಿ.